ನೇಪಥ್ಯದಲ್ಲಿ ಮದುವೆ

ನಮ್ಮೂರಿನ ಹವ್ಯಾಸಿ ನಾಟಕ ಮಂಡಳಿಯವರು ಮದುವೆ ಸೀನನ್ನು ಯಾವತ್ತೂ ಜನರ ಕಣ್ಣೆದುರು ಮಾಡಿದವರಲ್ಲ. ಮುಹೂರ್ತದ ಮಾತು ಬಂದ ಕೂಡಲೇ ಪರದೆ ಬೀಳುತ್ತಿತ್ತು. ಒಳಗೆ ಹಾರ್ಮೋನಿಯಂ ಮೇಷ್ಟ್ರು ಓಲಗದ ಧಾಟಿಯಲ್ಲಿ ಒಂದಿಷ್ಟು ನುಡಿಸುತ್ತಿದ್ದರು, ತಬಲದವನು ಗಟ್ಟಿಮೇಳ ಬಾರಿಸುತ್ತಿದ್ದ. ಪರದೆ ಮತ್ತೆ ಎದ್ದಾಗ ಗಂಡಿನ ಕೊರಳಲ್ಲೂ ಹೆಣ್ಣಿನ ಕೊರಳಲ್ಲೂ ಕಾಗದದ ಹೂವಿನ ಹಾರ. ಮದುವೆ ಆಯಿತು ಎಂದು ನಾವೇ ತಿಳಿದುಕೊಳ್ಳಬೇಕು. ಇದರಲ್ಲಿ ಕಲೆಯ ಸೂಕ್ಷ್ಮವೇನೂ ಇರಲಿಲ್ಲ. ದುಡ್ಡು ಕೊಟ್ಟು ಪಟ್ಟಣದಿಂದ ಕರೆಸಿದ ನಟಿಗೆ ಕಂಡವರ ಕೈಯಲ್ಲಿ ತಾಳಿ ಕಟ್ಟಿಸಿಕೊಳ್ಳಲು ಮನಸ್ಸಿಲ್ಲ. ಗಂಡಿನ ಪಾರ್ಟು ಮಾಡುವವನ ಹೆಂಡತಿ ಮುಂದಿನ ಚಾಪೆಯಲ್ಲೇ ಕೂತಿರುತ್ತಿದ್ದಳು. 'ಆಟಕ್ಕಾದರೂ ಮೂರು ಗಂಟು ಹಾಕಬಾರದು ಕಣ್ರಪ್ಪಾ' ಎಂಬುದು ಮೇಷ್ಟ್ರ ಕಟ್ಟಪ್ಪಣೆ.

ಮುಂದೆ ನಾನು ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠಕ್ಕೆ ಸೇರಿದೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜು ಸಂಸ್ಕೃತದವರದು. ಮದುವೆಯನ್ನು ರಂಗದ ಮೇಲೆ ತೋರಿಸಬಾರದು ಎಂಬ ಮಾತು ನಮ್ಮೂರ ಹಾರ್ಮೋನಿಯಂ ಮೇಷ್ಟ್ರದಲ್ಲ, ಶಾಸ್ತ್ರದಲ್ಲೇ ಇದೆ ಎಂದು ತಿಳಿಸಿದವರು ಅವರು. 14ನೆಯ ಶತಮಾನದ ವಿಶ್ವನಾಥನ 'ಸಾಹಿತ್ಯದರ್ಪಣ'ದ ಆರನೆಯ ಪರಿಚ್ಛೇದದಲ್ಲಿ, ಪ್ರೇಕ್ಷಕರ ಎದುರು ನೇರವಾಗಿ ಮಾಡಕೂಡದ ಸಂಗತಿಗಳ ಪಟ್ಟಿಯಿದೆ. ಕೊಲೆ, ಯುದ್ಧ, ರಾಜ್ಯದ ದಂಗೆ, ಊಟ, ಶಾಪ, ಸಾವು, ಸಂಭೋಗ. ಈ ಗುಂಪಿನ ಮಧ್ಯೆ ಮದುವೆಯೂ ಕೂತಿದೆ. ಉಳಿದವನ್ನು ಯಾಕೆ ಸೇರಿಸಿದರೆಂದು ಊಹಿಸಬಹುದು. ಮದುವೆ ಏನು ಪಾಪ ಮಾಡಿತ್ತು?

'ಮದುವೇಲಿ ಮಾತಾಡೋರು ಯಾರ್ರೀ? ಪುರೋಹಿತರು. ಗಂಡೂ ಹೆಣ್ಣೂ ಹೊಗೆಗೆ ಕಣ್ಣುಜ್ಜಿಕೊಂಡು ಕೂತಿರ್ತಾರೆ. ಕವಿಗೆ ಅಲ್ಲಿ ಏನಿದೆ ಕೆಲಸ?' ಎಂದರು ಸಂಸ್ಕೃತದವರು.

ಹಾಸ್ಯಕ್ಕೆ ಹೇಳಿದ್ದು. ನಾಟಕ ಬರೆಯುವವನ ಕಷ್ಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ವಿಮರ್ಶಕನನ್ನು ನಾನು ಓದಿಲ್ಲ. ಮದುವೆಯಲ್ಲಿ ಆಡುವ ಮಾತೆಲ್ಲ ಮೊದಲೇ ಗೊತ್ತುಮಾಡಿದ್ದು. ಇಂಗ್ಲೆಂಡಿನಲ್ಲೂ ಅಷ್ಟೆ, ಷೇಕ್ಸ್‌ಪಿಯರನ ಕಾಲದ ಚರ್ಚಿನಲ್ಲಿ ಪಾದ್ರಿ ಕೇಳುವ ಪ್ರಶ್ನೆ, ವಧೂವರರು ಕೊಡುವ ಉತ್ತರ ಎರಡೂ ಪ್ರಾರ್ಥನಾ ಪುಸ್ತಕದಲ್ಲಿ ಅಚ್ಚಾಗಿದ್ದವು. ಜಗತ್ತಿನ ಅತಿ ಚೆಂದದ ಮಾತನ್ನಾಡುವ ಪ್ರೇಮಿಗಳು ಕೂಡ ಆ ಹೊತ್ತಿನಲ್ಲಿ ಬೇರೆಯವರು ಬರೆದಿಟ್ಟ ಸಾಲನ್ನು ಒಪ್ಪಿಸಬೇಕು.

ಕಾಳಿದಾಸನನ್ನು ನೋಡಿ. 'ಶಾಕುಂತಲ'ದ ಮೂರನೆಯ ಅಂಕದಲ್ಲಿ ದುಷ್ಯಂತ ಶಕುಂತಲೆಗೆ ಗಾಂಧರ್ವ ವಿವಾಹದ ನ್ಯಾಯ ಹೇಳುತ್ತಾನೆ, ಗೌತಮಿ ಬಂದು ಮಾತು ಮುರಿಯುತ್ತದೆ. ನಾಲ್ಕನೆಯ ಅಂಕ ತೆರೆದರೆ ಅನಸೂಯೆ, ಪ್ರಿಯಂವದೆ ಹೂ ಬಿಡಿಸುತ್ತಾ ಮದುವೆ ಆಗಿಹೋದ ಸುದ್ದಿಯನ್ನು ಮಾತಾಡಿಕೊಳ್ಳುತ್ತಿದ್ದಾರೆ. ಮದುವೆ ಎರಡು ಅಂಕಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗಿದೆ. ದೂರ್ವಾಸನ ಶಾಪವೂ ನೇಪಥ್ಯದ ದನಿಯೇ. 'ರೋಮಿಯೊ ಮತ್ತು ಜೂಲಿಯಟ್'ನಲ್ಲಿ ಮದುವೆಗೆಂದು ಇರುವ ದೃಶ್ಯ ಬರೇ 37 ಸಾಲಿನದು. ಅದೂ ಪಾದ್ರಿ ಇಬ್ಬರನ್ನೂ ಒಳಕ್ಕೆ ಕರೆದುಕೊಂಡು ಹೋಗುವುದರೊಂದಿಗೆ ಮುಗಿಯುತ್ತದೆ. 'ಟ್ವೆಲ್ಫ್ತ್ ನೈಟ್'ನಲ್ಲಿ ಒಲಿವಿಯಾ ಪಾದ್ರಿಯ ಹಿಂದೆ ಸೆಬಾಸ್ಟಿಯನ್‌ನನ್ನು ಕರೆದುಕೊಂಡು ಹೋದದ್ದಷ್ಟೇ ಕಾಣುತ್ತದೆ, ಉಳಿದದ್ದನ್ನು ಪಾದ್ರಿ ಆಮೇಲೆ ವರದಿ ಮಾಡುತ್ತಾನೆ. 'ದ ಟೇಮಿಂಗ್ ಆಫ್ ದ ಶ್ರೂ'ನಲ್ಲಿ ಪೆಟ್ರೂಕಿಯೊ ಹರಕು ವೇಷದಲ್ಲಿ ಬಂದು ಇಡೀ ಚರ್ಚಿನ ಮಾನ ಕಳೆಯುತ್ತಾನೆ. ಅಂಥ ಗಮ್ಮತ್ತಿನ ಸಂಗತಿಯನ್ನೂ ಗ್ರೂಮಿಯೊ ಅಲ್ಲ, ಗ್ರೆಮಿಯೊ ಎಂಬ ಮುದುಕ ಓಡಿಬಂದು ಬಾಯಲ್ಲಿ ಹೇಳುತ್ತಾನೆ. (ಈ ಎರಡು ಹೆಸರನ್ನು ಅದಲುಬದಲು ಮಾಡದೆ ಪರೀಕ್ಷೆ ಬರೆದ ವಿದ್ಯಾರ್ಥಿಗಳು ಕಡಿಮೆ.)

ಇವನ್ನೆಲ್ಲ ಸಿನಿಮಾ ಮಾಡುವವರಿಗೆ ಈ ಮಡಿ ಇಲ್ಲ. ಮಾತಿಲ್ಲದಿದ್ದರೂ ಅವರಿಗೆ ಮುಖ ಇದೆ, ದೀಪ ಇದೆ, ಸಂಗೀತ ಇದೆ. ಹಾಗಾಗಿ ಕವಿಗಳು ಒಳಗೆ ಮುಚ್ಚಿಟ್ಟ ಮದುವೆಗಳನ್ನು ನೂರು ವರ್ಷದಿಂದ ಅವರು ಒಂದೊಂದಾಗಿ ಹೊರಗೆ ಎಳೆಯುತ್ತಾ ಬಂದಿದ್ದಾರೆ.

ನಾನು ಕಂಡ ಮೊದಲನೆಯದು ಫ್ರಾಂಕೊ ಜೆಫಿರೆಲ್ಲಿಯ 1968ರ 'ರೋಮಿಯೊ ಅಂಡ್ ಜೂಲಿಯಟ್'. ಅದು ಬೆಂಗಳೂರಿಗೆ ಮರುಬಿಡುಗಡೆಯಾಗಿ ಬಂದಾಗ ದಂಡು ಪ್ರದೇಶದ ಒಂದು ಚಿತ್ರಮಂದಿರದ ಬೆಳಗಿನ ಆಟಕ್ಕೆ ಹಾಸ್ಟೆಲಿನ ಹುಡುಗರೆಲ್ಲ ಹೋಗಿದ್ದೆವು. ಷೇಕ್ಸ್‌ಪಿಯರನ ಮೇಲಿನ ಭಕ್ತಿಯಿಂದ ಹೋದವರು ಯಾರೂ ಇರಲಿಲ್ಲ. ಲೆನರ್ಡ್ ವೈಟಿಂಗ್, ಒಲಿವಿಯಾ ಹಸ್ಸಿ ಇಬ್ಬರೂ ನಮ್ಮಷ್ಟೇ ವಯಸ್ಸಿನ ಹುಡುಗರು, ಅದು ಆಕರ್ಷಣೆ. ಅಲ್ಲಿನ ಮದುವೆ ದೃಶ್ಯ ನನಗೆ ಈಗಲೂ ಒಳ್ಳೆಯದೆನಿಸುವುದು ಅದರಲ್ಲಿ ಗಾಂಭೀರ್ಯವಿಲ್ಲ ಎಂಬ ಕಾರಣಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ಬಿಡುವುದಿಲ್ಲ, ಪಾದ್ರಿ ನಡುವೆ ತೂರಿಕೊಂಡು ಬಿಡಿಸುತ್ತಾನೆ, ಬಿಡಿಸಿದ ಮರುಗಳಿಗೆ ಮತ್ತೆ ಅಂಟಿಕೊಳ್ಳುತ್ತಾರೆ. ಪಾದ್ರಿಗೆ ಈ ಮದುವೆ ಎರಡು ಮನೆತನದ ಹಗೆ ತೀರಿಸುವ ರಾಜಕೀಯದ ಉಪಾಯ. ಹುಡುಗರಿಗೆ ಅದಾವುದೂ ಬೇಕಿಲ್ಲ. ಕೊನೆಗೂ ಮಂಡಿಯೂರಿಸಿ ಕೂರಿಸುವಷ್ಟರಲ್ಲಿ ದೃಶ್ಯ ಮುಗಿಯುತ್ತದೆ. ವಿಧಿ ಏನು ನಡೆಯಿತು ಎಂದು ಜೆಫಿರೆಲ್ಲಿಯೂ ತೋರಿಸುವುದಿಲ್ಲ. ನಾಟಕದ ಲೆಕ್ಕದಲ್ಲಿ ಇನ್ನೊಂದು ಗಂಟೆಯೊಳಗೆ ಬೀದಿಯಲ್ಲಿ ಎರಡು ಹೆಣ ಬೀಳಬೇಕು. ನಗಿಸಲು ಇದ್ದ ಕೊನೆಯ ಜಾಗ ಅದು. ಅವನು ಅದನ್ನು ಪೂರ್ತಿ ಬಳಸಿಕೊಂಡ.

1996ರಲ್ಲಿ ಬಾಝ್ ಲುಹ್ರ್‌ಮನ್ ಅದೇ ಕಥೆಯನ್ನು ಪಿಸ್ತೂಲು, ಕಾರು, ಹೂವಿನ ಅಂಗಿಗಳ ಊರಿಗೆ ತಂದ. ಲಿಯೊನಾರ್ಡೊ ಡಿಕಾಪ್ರಿಯೊನ ಮದುವೆಗೆ ಚರ್ಚಿನಲ್ಲಿ ಹುಡುಗನೊಬ್ಬ ಹಾಡುತ್ತಾನೆ. ಹಾಡು ಇಂಪಾಗಿದೆ. ಆದರೆ ನಗು ಹೋಯಿತು, ಆ ಜಾಗಕ್ಕೆ ಅಲಂಕಾರ ಬಂತು. ಆಮೇಲೆ ಬಂದ ಬಹಳ ಚಿತ್ರಗಳು ನಡೆದದ್ದು ಈ ದಾರಿಯಲ್ಲೇ.

ಪಾದ್ರಿಯೇ ಇಲ್ಲದ ಮದುವೆಯೂ ಒಂದಿದೆ. ರೋಮಿಯೊ ಕಥೆಯನ್ನು ನ್ಯೂಯಾರ್ಕಿನ ಗಲ್ಲಿಗೆ ತಂದ 'ವೆಸ್ಟ್ ಸೈಡ್ ಸ್ಟೋರಿ'ಯ 1961ರ ಚಿತ್ರದಲ್ಲಿ ಮರಿಯಾ ಕೆಲಸ ಮಾಡುವುದು ಮದುಮಗಳ ಉಡುಪು ಹೊಲಿಯುವ ಅಂಗಡಿಯಲ್ಲಿ. ಅಂಗಡಿ ಮುಚ್ಚಿದ ಮೇಲೆ ಅವಳೂ ಟೋನಿಯೂ ಬಟ್ಟೆ ತೊಡಿಸುವ ಬೊಂಬೆಗಳನ್ನೇ ಅಪ್ಪ ಅಮ್ಮ ಬೀಗರು ಎಂದು ನಿಲ್ಲಿಸಿಕೊಂಡು ಮದುವೆಯಾಟ ಆಡುತ್ತಾರೆ. ಆಟವಾಡುತ್ತಾ ಆಡುತ್ತಾ ಇಬ್ಬರಿಗೂ ಇದು ನಿಜ ಎನಿಸಿಬಿಡುತ್ತದೆ. ಬಡ ಹುಡುಗಿ ತಾನು ಎಂದೂ ಕೊಳ್ಳಲಾರದ ಬಟ್ಟೆಗಳ ನಡುವೆ ಮದುವೆಯಾಗುವುದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2021ರಲ್ಲಿ ಸ್ಪೀಲ್‌ಬರ್ಗ್ ಮತ್ತೆ ಆ ಚಿತ್ರ ಮಾಡಿದಾಗ ಜೋಡಿಯನ್ನು ಅಂಗಡಿಯಿಂದ ಎಬ್ಬಿಸಿ ಊರ ಉತ್ತರ ತುದಿಯ 'ಕ್ಲಾಯ್ಸ್ಟರ್ಸ್' ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದ. ಬಣ್ಣದ ಗಾಜಿನ ಬೆಳಕು ಮುಖದ ಮೇಲೆ ಬೀಳುತ್ತದೆ. ಛಾಯಾಗ್ರಾಹಕನಿಗೆ ಹಬ್ಬ. ನನಗೆ ಬೊಂಬೆಗಳೇ ವಾಸಿ.

ಟೇಮಿಂಗ್‌ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅದನ್ನು ಪಾಠ ಮಾಡಿದವನು ನಾನು, ಅದು ತರಗತಿಯಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆಯಾಗಿ ಬಿದ್ದದ್ದನ್ನು ಕಂಡಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಕಾಲೇಜಿಗೆ ಬಾಡಿಗೆ ಬಣ್ಣದ ಟಿವಿ, ಬಾಡಿಗೆ ವಿಸಿಪಿ ತರಿಸಿ ಜೆಫಿರೆಲ್ಲಿಯದೇ 1967ರ ಟೇಮಿಂಗ್ ತೋರಿಸಿದೆವು. ರಿಚರ್ಡ್ ಬರ್ಟನ್, ಎಲಿಜಬೆತ್ ಟೇಲರ್. ಆಗ ನಿಜಜೀವನದಲ್ಲೂ ಗಂಡ ಹೆಂಡತಿ. ಅದಕ್ಕೂ ಮುಂಚೆ 1929ರಲ್ಲಿ ಇದೇ ನಾಟಕವನ್ನು ಮಾತಿನ ಚಿತ್ರವಾಗಿಸಿದ ಡಗ್ಲಸ್ ಫೇರ್‌ಬ್ಯಾಂಕ್ಸ್, ಮೇರಿ ಪಿಕ್‌ಫರ್ಡ್ ಕೂಡ ಗಂಡ ಹೆಂಡತಿಯೇ. ಆ ಚಿತ್ರದಲ್ಲಿ ಗಂಡು ಮದುವೆಯ ವಿಧಿ ನಡೆಯುತ್ತಿರುವಾಗಲೇ ಸೇಬು ಕಚ್ಚುತ್ತಾ ನಿಂತಿರುತ್ತಾನೆ. ಜಗಳಗಂಟ ಜೋಡಿಯ ಪಾತ್ರಕ್ಕೆ ನಿಜದ ಜೋಡಿಯನ್ನು ಹಾಕುವುದು ಟಿಕೇಟು ಮಾರುವ ಹಳೆಯ ಉಪಾಯ.

ಗ್ರೆಮಿಯೊ ಬಾಯಲ್ಲಿ ಹೇಳಿದ ಮದುವೆಯನ್ನು ಜೆಫಿರೆಲ್ಲಿ ಇಡಿಯಾಗಿ ಚರ್ಚಿನೊಳಗೇ ನಡೆಸುತ್ತಾನೆ. ವರ ತಡವಾಗಿ ಬರುತ್ತಾನೆ, ಕುಡಿಯುತ್ತಾನೆ, ಪಾದ್ರಿಯನ್ನು ಗೋಳುಹೊಯ್ದುಕೊಳ್ಳುತ್ತಾನೆ. ಮೂಲದ ವರದಿಯಲ್ಲಿ ಮದುಮಗಳು ಕೇಟ್ ನಡುಗಿದಳು ಎಂದಷ್ಟೇ ಇದೆ. ಅವಳು ಏನು ಹೇಳಿದಳೆಂದು ಗ್ರೆಮಿಯೊ ಹೇಳುವುದೇ ಇಲ್ಲ. ಸಿನಿಮಾಕ್ಕೆ ಆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕ್ಯಾಮೆರಾ ಮುಂದೆ ಪಾದ್ರಿ ಕೇಳಿದ ಮೇಲೆ ಅವಳು ಬಾಯಿ ತೆರೆಯಲೇಬೇಕು. ತೆರೆಯುತ್ತಾಳೆ, ಒಲ್ಲೆ ಎನ್ನಲು ಹೊರಡುತ್ತಾಳೆ. ಇಂಗ್ಲಿಷಿನಲ್ಲಿ 'ಇಲ್ಲ' ಎಂಬುದು ಕೊನೆಗೆ ಬರುವುದರಿಂದ, ಅದು ಬಾಯಿಂದ ಬೀಳುವ ಮೊದಲೇ ಬರ್ಟನ್ ಮುತ್ತಿಟ್ಟು ಬಾಯಿ ಮುಚ್ಚಿಸುತ್ತಾನೆ. ಅರ್ಧ ವಾಕ್ಯವೇ ಒಪ್ಪಿಗೆಯಾಗುತ್ತದೆ. ಅವತ್ತು ಹಾಲಿನಲ್ಲಿ ಹುಡುಗರು ಬೆಂಚು ಬಡಿದು ಶಿಳ್ಳೆ ಹಾಕಿದರು. ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಪ್ರಿನ್ಸಿಪಾಲರೂ ನಕ್ಕರು, ಆಮೇಲೆ ಯಾರೋ ನೋಡಿಬಿಟ್ಟರೇನೋ ಎಂಬಂತೆ ಕೆಮ್ಮಿದರು.

ಆ ನಗುವಿಗೆ ಊರಲ್ಲಿ ಆಗ ಬೇಕಾದಷ್ಟು ಆಸರೆಯಿತ್ತು. 1989ರಲ್ಲಿ ಬಂದ 'ನಂಜುಂಡಿ ಕಲ್ಯಾಣ' ನಮ್ಮ ಟಾಕೀಸಿನಿಂದ ಬಹಳ ದಿನ ಕದಲಲಿಲ್ಲ. ರಾಘವೇಂದ್ರ ರಾಜ್‌ಕುಮಾರ್, ಮಾಲಾಶ್ರೀ, ಎಂ.ಎಸ್. ರಾಜಶೇಖರ್ ನಿರ್ದೇಶನ. ಅದರ ಮೂಲ ಪರ್ವತವಾಣಿಯವರ ನಾಟಕ 'ಬಹದ್ದೂರ್ ಗಂಡ', ಅದರ ಮೂಲ ಇದೇ ಟೇಮಿಂಗ್. ನನ್ನ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಪೆಟ್ರೂಕಿಯೊ ಬದಲು ರಾಘಣ್ಣನ ಕಥೆಯನ್ನೇ ಇಂಗ್ಲಿಷಿನಲ್ಲಿ ಬರೆದು ಪಾಸಾದದ್ದುಂಟು. ಮಾರ್ಕ್ಸು ಕೊಡದೆ ಇರಲು ನನಗೆ ಕಾರಣ ಸಿಗಲಿಲ್ಲ. ಹೆಸರಲ್ಲೇ 'ಕಲ್ಯಾಣ' ಇರುವ ಚಿತ್ರ, ಆದರೂ ಕಥೆಯ ಹುರುಳಿರುವುದು ಮದುವೆ ಆದಮೇಲೆ. ಸೊಕ್ಕಿನ ಹೆಣ್ಣನ್ನು ಬಗ್ಗಿಸುವುದು ಎಂಬ ಸರಕನ್ನು ಕನ್ನಡ ಚಿತ್ರರಂಗ ಎಷ್ಟು ಸಲ ಮಾರಿದೆ ಎಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗುವುದಿಲ್ಲ. ಮಾಲಾಶ್ರೀ ಮಾತ್ರ ಆ ಚಿತ್ರದಲ್ಲಿ ಬಗ್ಗುವ ಹೆಣ್ಣಿನ ಪಾತ್ರ ಮಾಡಿ, ಮುಂದೆ ಹೊಡೆದಾಡುವ ನಾಯಕಿಯಾದರು. ಜನ ಆಕೆಯ ಸೊಕ್ಕನ್ನೇ ಮೆಚ್ಚಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಾನು ನಿವೃತ್ತನಾಗುವ ಮುಂಚಿನ ವರ್ಷಗಳಲ್ಲಿ ಅದೇ ಜೆಫಿರೆಲ್ಲಿ ತುಣುಕನ್ನು ಪ್ರೊಜೆಕ್ಟರ್ ಹಾಕಿ ತೋರಿಸಿದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

'ಸಾರ್, ಆಯಮ್ಮ ಏನೋ ಹೇಳೋಕೆ ಹೊರಟಿದ್ರಲ್ಲ, ಏನದು?'

'ಆಗುವುದಿಲ್ಲ ಅಂತ.'

'ಹಂಗಾದ್ರೆ ಮದುವೆ ಆಗ್ಲೇ ಇಲ್ವಲ್ಲ ಸಾರ್.'

ಅಂದಿನ ಇಂಗ್ಲೆಂಡಿನ ಚರ್ಚಿನ ಕಾನೂನಿನ ಪ್ರಕಾರವೂ ಅವಳ ಮಾತು ಸರಿ. ಇಬ್ಬರ ಒಪ್ಪಿಗೆಯೇ ಮದುವೆಯ ತಿರುಳು, ಮಿಕ್ಕದ್ದು ವಿಧಿ. ಕಾಲ ಸುಧಾರಿಸಿದೆ ಎಂದು ಇದರಿಂದ ತೀರ್ಮಾನಿಸಲು ನಾನು ತಯಾರಿಲ್ಲ. ಅದೇ ತರಗತಿಯ ಹುಡುಗರ ಫೋನಿನಲ್ಲಿ, ಒಲ್ಲೆ ಎಂದವಳ ಬೆನ್ನು ಬಿಡದ ನಾಯಕರ ಹಾಡುಗಳು ತುಂಬಿದ್ದವು. ಬದಲಾದದ್ದು ಇಷ್ಟೆ: ಒಬ್ಬಳು ಎದ್ದು ಕೇಳಿದಳು. 1999ರಲ್ಲಿ ಹಾಲಿವುಡ್ ಈ ನಾಟಕವನ್ನು '10 ಥಿಂಗ್ಸ್ ಐ ಹೇಟ್ ಅಬೌಟ್ ಯು' ಎಂದು ಹೈಸ್ಕೂಲಿಗೆ ತಂದಾಗ ಮದುವೆಯನ್ನೇ ಕಿತ್ತುಹಾಕಿತು. ಮರ್ಯಾದೆಯಾಗಿ ಹೊರಬೀಳಲು ಇದ್ದ ದಾರಿ ಅದೊಂದೇ.

ಷೇಕ್ಸ್‌ಪಿಯರ್ ಚರ್ಚಿನ ಮದುವೆಯನ್ನು ಪೂರ್ತಿ ರಂಗದ ಮೇಲೆ ತಂದದ್ದು ಎಲ್ಲಿ ಎಂದು ನೋಡಿದರೆ, ಅದು ಮುರಿಯುವ ಮದುವೆ. 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ನಾಲ್ಕನೆಯ ಅಂಕ. ಪಾದ್ರಿ ಮೊದಲ ಪ್ರಶ್ನೆ ಕೇಳುತ್ತಿದ್ದ ಹಾಗೆಯೇ ಕ್ಲಾಡಿಯೊ ಇಲ್ಲ ಎನ್ನುತ್ತಾನೆ. ಬರೆದಿಟ್ಟ ಉತ್ತರವನ್ನು ಬಿಟ್ಟು ಸ್ವಂತ ಮಾತು ಆಡಿದ ಕೂಡಲೇ ಅಲ್ಲಿ ನಾಟಕ ಶುರುವಾಗುತ್ತದೆ. ಹೀರೊ ಎಂಬ ಹುಡುಗಿಯ ಶೀಲದ ಮೇಲೆ ಬಂದವರೆಲ್ಲರ ಎದುರು ಕೆಸರು. ಹೆತ್ತ ಅಪ್ಪನೂ ಅಳಿಯನಾಗಬೇಕಿದ್ದವನ ಮಾತನ್ನೇ ನಂಬುತ್ತಾನೆ. ನಮ್ಮ ಸಿನಿಮಾದಲ್ಲಿ ಗಟ್ಟಿಮೇಳದ ಹೊತ್ತಿಗೆ 'ನಿಲ್ಲಿಸಿ ಈ ಮದುವೆ' ಎಂದು ಯಾರಾದರೂ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ಬೆಳೆದವರಿಗೆ ಈ ದೃಶ್ಯ ಹೊಸದೆನಿಸುವುದಿಲ್ಲ. ನಮ್ಮಲ್ಲಿ ನಿಲ್ಲಿಸುವವನು ನ್ಯಾಯ ಹೇಳಲು ಬರುತ್ತಾನೆ, ಇಲ್ಲಿ ಅನ್ಯಾಯ ಮಾಡಲು, ವ್ಯತ್ಯಾಸ ಅಷ್ಟೆ.

ಕೆನೆತ್ ಬ್ರಾನಾನ 1993ರ ಚಿತ್ರ ಇಟಲಿಯ ಟಸ್ಕನಿಯ ಬಂಗಲೆಯೊಂದರಲ್ಲಿ ತೆಗೆದದ್ದು. ಎಲ್ಲೆಲ್ಲೂ ಬಿಸಿಲು, ಬಿಳಿ ಬಟ್ಟೆ, ದ್ರಾಕ್ಷಿ. ಮೊದಲ ಒಂದು ಗಂಟೆ ಅಷ್ಟು ಉಲ್ಲಾಸವಾಗಿರುವುದು ಈ ಮದುವೆಗಾಗಿಯೇ ಎಂದು ಆಮೇಲೆ ಗೊತ್ತಾಗುತ್ತದೆ. ಬಂಗಲೆಯ ಪುಟ್ಟ ಪ್ರಾರ್ಥನಾ ಮಂದಿರದ ಹೊರಗೆ, ಬಯಲಿನಲ್ಲಿ ಮದುವೆ. ಕ್ಲಾಡಿಯೊ ಹುಡುಗಿಯನ್ನು ನೆಲಕ್ಕೆ ದೂಡಿ ಬೆಂಚು ಉರುಳಿಸುತ್ತಾನೆ. ಮೂಲದಲ್ಲಿ ಅವನು ಬೈಯುವುದು ಮಾತಿನಲ್ಲಿ; ಇಲ್ಲಿ ಕೈಯೂ ಸೇರಿತು. ಎಲ್ಲರೂ ಚದುರಿದ ಮೇಲೆ, ಹೀರೊಳ ಸೋದರಸಂಬಂಧಿ ಬೀಟ್ರಿಸ್ ಅತ್ತು ಮುಖ ಊದಿಸಿಕೊಂಡು, ತನ್ನನ್ನು ಪ್ರೀತಿಸುತ್ತೇನೆ ಎನ್ನುವವನಿಗೆ ನಿನ್ನ ಗೆಳೆಯ ಕ್ಲಾಡಿಯೊನನ್ನು ಕೊಂದು ಬಾ ಎನ್ನುತ್ತಾಳೆ. ಎಮ್ಮಾ ಥಾಂಪ್ಸನ್ ಅದನ್ನು ಆಡುವಾಗ ತರಗತಿಯಲ್ಲಿ ಫ್ಯಾನಿನ ಸದ್ದಷ್ಟೇ. ಪ್ರೇಮ ನಿವೇದನೆಯೂ ಕೊಲೆಯ ಬೇಡಿಕೆಯೂ ಒಂದೇ ಉಸಿರಿನಲ್ಲಿ ಬರುವ ದೃಶ್ಯ ನನಗೆ ತಿಳಿದ ಮಟ್ಟಿಗೆ ಇನ್ನೊಂದಿಲ್ಲ. ಜಾಸ್ ವೀಡನ್ 2011ರಲ್ಲಿ ತನ್ನ ಮನೆಯಲ್ಲೇ 12 ದಿನದಲ್ಲಿ ಇದನ್ನು ಕಪ್ಪು ಬಿಳುಪಿನಲ್ಲಿ ತೆಗೆದ. ಚುರುಕಾಗಿದೆ, ಆದರೆ ಸೂಟು ಬೂಟಿನ ಅಮೆರಿಕನ್ನರು ಕನ್ಯತ್ವದ ಬಗ್ಗೆ ಅಷ್ಟು ಕೂಗಾಡುವುದು ನಂಬಲಾಗುವುದಿಲ್ಲ.

ಹೀರೊ ಕೊನೆಯಲ್ಲಿ ಅದೇ ಕ್ಲಾಡಿಯೊನನ್ನು ಮದುವೆಯಾಗಲು ಮುಸುಕು ಹಾಕಿಕೊಂಡು ಬರುತ್ತಾಳೆ. ನಾನು ಪಾಠ ಶುರುಮಾಡಿದ ಕಾಲದಲ್ಲಿ ಇದು ಯಾರಿಗೂ ಪ್ರಶ್ನೆಯೇ ಆಗಿರಲಿಲ್ಲ. ಕಳಂಕ ಕಳೆಯಿತು, ಮದುವೆ ಆಯಿತು, ಸುಖಾಂತ ಎಂದು ಗೈಡಿನಲ್ಲಿ ಇದ್ದದ್ದನ್ನು ಬರೆಯುತ್ತಿದ್ದರು. ಕೊನೆಕೊನೆಗೆ ಪ್ರತಿ ತರಗತಿಯಲ್ಲೂ ಯಾರಾದರೂ 'ಅವನನ್ನೇ ಯಾಕೆ ಸಾರ್?' ಎನ್ನುತ್ತಿದ್ದರು. ನಾಟಕದಲ್ಲಿ ಇದಕ್ಕೆ ಉತ್ತರವಿಲ್ಲ. ಬ್ರಾನಾ ಇಡೀ ಊರನ್ನು ಕುಣಿಸಿ, ಕ್ಯಾಮೆರಾವನ್ನು ಎಲ್ಲೂ ಕತ್ತರಿಸದೆ ಅಂಗಳ ಸುತ್ತಿಸಿ ಆ ಪ್ರಶ್ನೆಯನ್ನು ಹೂವಿನಡಿ ಮುಚ್ಚುತ್ತಾನೆ. ಮೂಲದಲ್ಲೂ ಮೊದಲು ಕುಣಿತ, ಮದುವೆ ಆಮೇಲೆ. ಅಂದರೆ ಆ ಎರಡನೆಯ ಮದುವೆಯನ್ನು, ನಿಜಕ್ಕೂ ನಡೆಯುವುದನ್ನು, ಷೇಕ್ಸ್‌ಪಿಯರ್ ಮತ್ತೆ ಒಳಕ್ಕೇ ಕಳಿಸಿದ.

ಮುರಿಯುವ ಮದುವೆ ನಿಜಜೀವನದಲ್ಲಿ ಹೇಗಿರುತ್ತದೆ ಎಂದು ನಾನೊಮ್ಮೆ ನೋಡಿದ್ದೇನೆ. ನಂಟರ ಪೈಕಿ ಒಂದು ಮದುವೆ, ಎಪ್ಪತ್ತರ ದಶಕ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಆ ಛತ್ರಕ್ಕೆ ಅದು ಇನ್ನೂ ತಲುಪಿರಲಿಲ್ಲ. ಸ್ಕೂಟರಿನ ಮಾತು ಬಂದು ಗಂಡಿನ ಕಡೆಯವರು ಮುಹೂರ್ತಕ್ಕೆ ಸ್ವಲ್ಪ ಮುಂಚೆ ಕೈಕಟ್ಟಿ ನಿಂತರು. ಯಾರೂ ಕೂಗಲಿಲ್ಲ. ಯಾರೂ ಬಾಗಿಲಲ್ಲಿ ನಿಂತು ಡೈಲಾಗ್ ಹೇಳಲಿಲ್ಲ. ಎರಡೂ ಕಡೆಯ ಹಿರಿಯರು ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಓಲಗದವರಿಗೆ ಬಾರಿಸ್ತಾ ಇರಿ ಎಂದು ಹೇಳಿ ಕಳಿಸಿದರು. ಮೊದಲ ಪಂಕ್ತಿ ಊಟಕ್ಕೆ ಕೂತಾಗಿತ್ತು, ಸಾರು ಬಂದು ಹೋಯಿತು. ಹೊತ್ತು ಕಳೆದ ಮೇಲೆ ಹೆಣ್ಣಿನ ಸೋದರಮಾವ ಹೊರಗೆ ಬಂದು ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡು 'ಆಗ್ಲಿ, ಕರ್ಕೊಂಡು ಬನ್ನಿ' ಎಂದರು. ಮದುವೆ ಆಯಿತು. ಮದುಮಗಳಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಿಲ್ಲ. ಆಲ್ಬಮ್ಮಿನಲ್ಲಿ ಎಲ್ಲರೂ ನೇರ ಕ್ಯಾಮೆರಾ ನೋಡುತ್ತಿದ್ದಾರೆ, ಏನೂ ತಿಳಿಯುವುದಿಲ್ಲ. ಆ ಕಾಲದ ಮದುವೆಗಳು ಸರಳವಾಗಿದ್ದವು, ಚೆನ್ನಾಗಿದ್ದವು ಎಂದು ಬರೆಯುವವರನ್ನು ಕಂಡಾಗ ನನಗೆ ಆ ಉಗ್ರಾಣದ ಬಾಗಿಲು ಕಾಣುತ್ತದೆ.

ಈಗಿನ ಮದುವೆಗಳಿಗೆ ಸಿನಿಮಾದವರೇ ಬರುತ್ತಾರೆ. ಮಂಟಪದ ಮೇಲೆ ಡ್ರೋನು ಗುಂಯ್‌ಗುಡುತ್ತದೆ, ಅಂತರಪಟ ಸರಿಯುವುದನ್ನು ಮೂರು ದಿಕ್ಕಿನಿಂದ ಹಿಡಿಯುತ್ತಾರೆ. 'ಸ್ವಾಮಿ, ತಾಳಿ ಇನ್ನೊಂದ್ಸಲ ಎತ್ತಿ ಹಿಡೀರಿ, ಲೈಟ್ ಸರಿಯಾಗಿ ಬೀಳ್ಲಿಲ್ಲ' ಎಂದು ಪುರೋಹಿತರಿಗೇ ನಿರ್ದೇಶನ ಕೊಡುವುದನ್ನು ಕಿವಿಯಾರೆ ಕೇಳಿದ್ದೇನೆ. ಪುರೋಹಿತರು ಎತ್ತಿ ಹಿಡಿದರು. ಅವರಿಗೂ ಇನ್ನೊಂದು ಮುಹೂರ್ತಕ್ಕೆ ಹೊರಡಬೇಕಿತ್ತು.

ಹೀಗಿರುವಾಗ ಸಿನಿಮಾ ಏನು ಮಾಡಬೇಕು? 2023ರ ಕೊನೆಗೆ ಬಂದ 'ಎನಿಒನ್ ಬಟ್ ಯು' ಅದಕ್ಕೊಂದು ಉತ್ತರ. ಮಚ್ ಅಡೂ ನಾಟಕವನ್ನೇ ಸಡಿಲವಾಗಿ ಆಧರಿಸಿದ್ದು. ನಾಯಕ ನಾಯಕಿ ಬೆನ್, ಬೀ. ಇಡೀ ಚಿತ್ರ ಸಿಡ್ನಿಯಲ್ಲಿ ನಡೆಯುವ ಒಂದು ಮದುವೆಯ ಸುತ್ತಲೇ ಇದೆ: ಸಮುದ್ರ, ದೋಣಿ, ಬಂಗಲೆ, ಬೀಗರು. ಮದುವೆಯಾಗುವವರು ಕ್ಲಾಡಿಯಾ ಮತ್ತು ಹ್ಯಾಲಿ ಎಂಬ ಇಬ್ಬರು ಹೆಂಗಸರು. ಹೆಸರಲ್ಲಿ ಮೂಲದ ಕ್ಲಾಡಿಯೊ, ಹೀರೊ ಇದ್ದಾರೆ. ಇಲ್ಲದಿರುವುದು ಕಟಕಟೆಗೆ ನಿಲ್ಲಿಸುವ ಆ ದೃಶ್ಯ. ಷೇಕ್ಸ್‌ಪಿಯರ್ ಮೂಲದಲ್ಲಿ ಮಾಡಿದ್ದು ಒಂದು ಮದುವೆ ದೃಶ್ಯ. ಚಿತ್ರದ ತುಂಬ ಮದುವೆಯನ್ನು ಹಾಸಿ, ಆ ಒಂದನ್ನು ಮಾತ್ರ ಇವರು ಬಿಟ್ಟರು. ಚಿತ್ರಕ್ಕೆ ದುಡ್ಡು ಬಂತು. ಅದನ್ನು ಆಕ್ಷೇಪಿಸಲು ನಾನು ಯಾರು.

ಶಾಕುಂತಲದ ಗತಿಯೂ ಇದಕ್ಕಿಂತ ಬೇರೆಯಲ್ಲ. ಭಾರತದ ಸಿನಿಮಾಕ್ಕೆ ಅದು ಮೊದಲಿನಿಂದಲೂ ಬೇಕಾದ ಕಥೆ. 1940ರಲ್ಲಿ ಎಲ್ಲಿಸ್ ಡಂಗನ್ ತಮಿಳಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ, ಜಿ.ಎನ್. ಬಾಲಸುಬ್ರಮಣ್ಯಂ ಅವರನ್ನು ಹಾಕಿಕೊಂಡು 'ಶಕುಂತಲೈ' ಮಾಡಿದ; 1943ರಲ್ಲಿ ವಿ. ಶಾಂತಾರಾಂ ತಮ್ಮ ರಾಜ್‌ಕಮಲ್ ಸಂಸ್ಥೆಯನ್ನು ಇದೇ ಕಥೆಯಿಂದ ಶುರುಮಾಡಿದರು, 1961ರಲ್ಲಿ 'ಸ್ತ್ರೀ' ಎಂದು ಮತ್ತೆ ಮಾಡಿದರು. ನಮ್ಮಲ್ಲಿ 1983ರ 'ಕವಿರತ್ನ ಕಾಳಿದಾಸ'ದಲ್ಲಿ ರಾಜ್‌ಕುಮಾರ್ ಕಾಳಿದಾಸನೂ ಹೌದು, ದುಷ್ಯಂತನೂ ಹೌದು, ಜಯಪ್ರದಾ ಶಕುಂತಲೆ. ಆದರೆ ಆ ಚಿತ್ರದ ಮದುವೆ ಎಂದರೆ ಊರವರಿಗೆ ನೆನಪಿರುವುದು ಗಾಂಧರ್ವ ವಿವಾಹವಲ್ಲ; ಕುರುಬನನ್ನು ಪಂಡಿತನೆಂದು ನಂಬಿಸಿ ರಾಜಕುಮಾರಿಗೆ ಗಂಟುಹಾಕಿದ ಮೋಸದ ಮದುವೆ. ಅದರಲ್ಲಿ ಏನೋ ನಡೆಯುತ್ತದೆ. 2023ರ ತೆಲುಗಿನ 'ಶಾಕುಂತಲಂ' ತ್ರೀಡಿಯಲ್ಲಿ ಬಂತು. ಕಣ್ವಾಶ್ರಮವೆಲ್ಲ ಕಂಪ್ಯೂಟರಿನಲ್ಲಿ ಬೆಳೆದದ್ದು. ಸಮಂತಾ ಚೆನ್ನಾಗಿ ಕಾಣುತ್ತಾರೆ, ಕಾಡೂ ಚೆನ್ನಾಗಿ ಕಾಣುತ್ತದೆ. ಅರ್ಧಕ್ಕೆ ಕನ್ನಡಕ ತೆಗೆದಿಟ್ಟೆ.

ಯಾಕೆಂದರೆ ಕಾಳಿದಾಸ ಮದುವೆಯನ್ನು ಮರೆಗೆ ಸರಿಸಿದ್ದು ಐದನೆಯ ಅಂಕಕ್ಕಾಗಿ. ರಾಜಸಭೆ, ಬಸುರಿ ಹೆಂಡತಿ, ಅವಳನ್ನು ಬಿಟ್ಟುಹೋಗಲು ಬಂದ ಆಶ್ರಮದವರು, ಮುಸುಕು ಸರಿಸುವ ಗೌತಮಿ, ಬೆರಳಲ್ಲಿ ಇಲ್ಲದ ಉಂಗುರ. ಮದುವೆಯ ಸಾಕ್ಷಿಯನ್ನು ನಾವೂ ಕಂಡಿಲ್ಲ ಎಂಬುದು ಅಲ್ಲಿ ಕೆಲಸಕ್ಕೆ ಬರುತ್ತದೆ. ರಾಜ ನಾನು ಇವಳನ್ನು ಕಂಡೇ ಇಲ್ಲ ಎಂದಾಗ, ನಮ್ಮ ಹತ್ತಿರವೂ ಇರುವುದು ಸಖಿಯರ ಮಾತು ಮಾತ್ರ. ಚಿತ್ರದವರು ಮೊದಲೇ ಹಾಡು ಹಾಕಿ ಹಾರ ಬದಲಾಯಿಸಿ ತೋರಿಸಿಬಿಟ್ಟರೆ ಆ ಸಭೆಯಲ್ಲಿ ಶಕುಂತಲೆ ಒಬ್ಬಳೇ ನಿಂತಿರುವುದಿಲ್ಲ. ಟಿಕೇಟು ಕೊಂಡ ಅಷ್ಟೂ ಜನ ಅವಳ ಕಡೆಯ ಸಾಕ್ಷಿಗಳಾಗಿಬಿಡುತ್ತಾರೆ. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತ ಎಲ್ಲ ಗೊತ್ತಿದ್ದೇ ಇಲ್ಲವೆನ್ನುತ್ತಾನೆ, ಶಕುಂತಲೆ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವಾದಕ್ಕೆ ನಿಲ್ಲುತ್ತಾಳೆ. ಕಾಳಿದಾಸ ರಾಜನ ಮಾನ ಉಳಿಸಲು ಶಾಪ ತಂದ. ಆದರೂ ಅವನ ಶಕುಂತಲೆ ಆ ಸಭೆಯಲ್ಲಿ ರಾಜನನ್ನು ಎದುರೆದುರೇ ಜರೆಯದೆ ಬಿಡಲಿಲ್ಲ. ಮದುವೆಯಲ್ಲಿ ಆಡಲು ಸಿಗದ ಮಾತು ಅಲ್ಲಿ ಅವಳಿಗೆ ಸಿಕ್ಕಿತು.

ಈ ಐದನೆಯ ಅಂಕವನ್ನು ನೆಟ್ಟಗೆ ಪರದೆಗೆ ತಂದ ಚಿತ್ರವನ್ನು ನಾನಂತೂ ನೋಡಿಲ್ಲ. ಎಸ್.ವಿ. ಪರಮೇಶ್ವರ ಭಟ್ಟರು ಕಾಳಿದಾಸನನ್ನು ಇಡಿಯಾಗಿ ಕನ್ನಡಕ್ಕೆ ತಂದಿದ್ದಾರೆ; ಹಳೆಯ ಗ್ರಂಥಾಲಯಗಳಲ್ಲಿ ಸಿಗುತ್ತದೆ. ತೆಗೆದು ಆ ಅಂಕವೊಂದನ್ನು ಓದಿ. ಬ್ರಾನಾನ ಚಿತ್ರ ಸಿಕ್ಕರೆ ನಾಲ್ಕನೆಯ ಅಂಕದ ಭಾಗ ನೋಡಿ. ಉಳಿದ ಮದುವೆಗಳನ್ನು ಓಡಿಸಿಕೊಂಡು ನೋಡಿದರೂ ನಷ್ಟವಿಲ್ಲ.